ಮಳೆಗಾಲದಲ್ಲಿ ಹಳೇ ರೆಕಾರ್ಡ್ ತೊಳೆಯೋದು: ಯಾವ ವಿಧಾನ ಸರಿ?

ಮಾಟುಂಗಾ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಅಪ್ಪ ಮುಂಬಯಿಗೆ ಬಂದ ಮೇಲೆ ಕೂಡಿಟ್ಟ ರೆಕಾರ್ಡುಗಳು ಈಗ ನನ್ನ ಪಾಲಿಗೆ ಬಂದಿವೆ. ಎರಡು ಟ್ರಂಕ್ ತುಂಬ ಇವೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು, ರಾಜಕುಮಾರ್ ಸಿನಿಮಾಗಳ ಚಿಕ್ಕ ಇಪಿಗಳು, ಕಂದು ಕಾಗದದ ಕವರಿನಲ್ಲಿ ದಪ್ಪನೆಯ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳು. ಅವುಗಳಲ್ಲಿ ಗಂಗೂಬಾಯಿ ಹಾನಗಲ್ ಅವರದ್ದೂ ಇದೆ. ಕೆಲವಕ್ಕೆ ಬರೀ ಧೂಳು. ಕೆಲವಕ್ಕೆ ಬಿಳಿ ಬಿಳಿ ಚುಕ್ಕೆ, ಬೂಷ್ಟು ಅಂತ ಕಾಣುತ್ತದೆ. ಒಂದಿಷ್ಟಕ್ಕೆ ಎಣ್ಣೆ ಕೈಯ ಗುರುತು ಹಾಗೇ ಉಳಿದಿದೆ.

ತೊಳೆಯುವ ಬಗ್ಗೆ ಹುಡುಕಿದರೆ ತಲೆ ಕೆಡುತ್ತದೆ. ಒಬ್ಬರು ಕಾರ್ಬನ್ ಬ್ರಷ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಕೊಳೆ ನೀರು ಹೀರುವ ವ್ಯಾಕ್ಯೂಮ್ ಯಂತ್ರ ಇಲ್ಲದೆ ಕೈ ಹಾಕಲೇಬೇಡಿ ಅನ್ನುತ್ತಾರೆ. ಅಲ್ಟ್ರಾಸಾನಿಕ್ ಅನ್ನುವವರಿದ್ದಾರೆ, ಫೆವಿಕಾಲ್ ಸುರಿದು ಸಿಪ್ಪೆ ತೆಗೆದ ಹಾಗೆ ಕೀಳಿ ಅನ್ನುವವರೂ ಇದ್ದಾರೆ. ದುಡ್ಡು ಖರ್ಚು ಮಾಡಲು ತಯಾರಿದ್ದೇನೆ, ಆದರೆ ರೆಕಾರ್ಡ್ ಹಾಳಾಗಬಾರದು. ನಿಮ್ಮಲ್ಲಿ ಯಾರು ಏನು ಮಾಡುತ್ತೀರಿ?

ಕೋಥ್ರೂಡ್ ಕೇಳುಗ

ಯಂತ್ರದ ಮಾತು ಆಮೇಲೆ. ಮೊದಲು ಟ್ರಂಕಿನಲ್ಲಿರುವುದನ್ನು ಬೇರೆ ಬೇರೆ ಗುಂಪು ಮಾಡಿ. ಈ ಕೆಲಸ ಮಾಡದೆ ನೀರು ಮುಟ್ಟಬೇಡಿ.

78ರ ತಟ್ಟೆಗಳು ಎಲ್‌ಪಿ, ಇಪಿಗಳ ಹಾಗೆ ವಿನೈಲ್ (ಒಂದು ಥರದ ಪ್ಲಾಸ್ಟಿಕ್) ಅಲ್ಲ, ಅರಗಿನವು. ಅರಗಿನ ಜೊತೆ ಕಲ್ಲಿನ ಪುಡಿ, ಮಸಿ ಎಲ್ಲ ಸೇರಿಸಿ ಒತ್ತಿದ್ದು. ಭಾರ ಜಾಸ್ತಿ, ಬಗ್ಗುವುದಿಲ್ಲ, ಕೈ ಜಾರಿದರೆ ಹೋಳು ಹೋಳು. ನಮ್ಮ ದೇಶದಲ್ಲಿ ಇವು 1960ರ ದಶಕದಲ್ಲೂ ಹೊರಬರುತ್ತಿದ್ದವು, ಹಾಗಾಗಿ ಮನೆಮನೆಯಲ್ಲೂ ಸಿಗುತ್ತವೆ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹೊಡೆಯುವವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಹಚ್ಚುವುದು. ಅಂದರೆ ಎಲ್‌ಪಿಗೆ ಅಂತ ಮಾರುವ ಎಷ್ಟೋ ಕ್ಲೀನಿಂಗ್ ದ್ರವಗಳು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಯಾವುದೇ ಮಿಶ್ರಣ, 78ಕ್ಕೆ ತಾಗಿದರೆ ಗ್ರೂವ್ (ಹಾಡು ಕೂತಿರುವ ಸಣ್ಣ ಸುತ್ತುಗೆರೆ) ಸಮೇತ ಹಾಡು ಹೋಯಿತು. ಒಂದೇ ಬಟ್ಟೆಯಲ್ಲಿ ಎಲ್‌ಪಿ ಒರೆಸಿ ಅದೇ ಬಟ್ಟೆಯನ್ನು 78ಕ್ಕೆ ಹಾಕುವುದೂ ಬೇಡ.

ಮೂರನೇ ಜಾತಿಯೊಂದಿದೆ, ಅಪರೂಪ. ಅಂಚು ನೋಡಿದರೆ ಒಳಗೆ ಅಲ್ಯೂಮಿನಿಯಂ ಕಾಣುತ್ತದೆ. ನಡುವಿನ ತೂತಿನ ಪಕ್ಕ ಇನ್ನೂ ಒಂದೆರಡು ತೂತು ಇರಬಹುದು. ಅದು ಲ್ಯಾಕರ್ ಡಿಸ್ಕ್, ಸ್ಟುಡಿಯೋದಲ್ಲಿ ನೇರವಾಗಿ ಕೆತ್ತಿದ್ದು. ಅಂಥದ್ದು ಸಿಕ್ಕರೆ ತೊಳೆಯಲೇಬೇಡಿ. ಅದರ ಪದರ ಕಾಲಕ್ರಮದಲ್ಲಿ ಸುಲಿದು ಬರುತ್ತದೆ, ಅದರಲ್ಲಿರುವ ಹಾಡಿಗೆ ಇನ್ನೊಂದು ಪ್ರತಿಯೂ ಇರದೇ ಇರಬಹುದು. ಕಾಗದದ ಕವರಿನಲ್ಲಿ ನಿಲ್ಲಿಸಿಟ್ಟು ತಿಳಿದವರಿಂದ ಡಿಜಿಟಲ್ ಮಾಡಿಸಿ.

ಜುನಾ ಬಜಾರ್ ಬುಧವಾರ

ಇಷ್ಟೆಲ್ಲ ಯಾಕೆ? ಪುಣೆಯಲ್ಲಿ ಬುಧವಾರ, ಭಾನುವಾರ ಜುನಾ ಬಜಾರಿಗೆ ಹೋಗಿ ರೆಕಾರ್ಡ್ ತರುವವನು ನಾನು. ಮಣ್ಣು ಮೆತ್ತಿದ್ದು, ಮಳೆಯಲ್ಲಿ ನೆನೆದದ್ದು ಎಲ್ಲ ಬರುತ್ತವೆ. ಸಿಂಕಿನಲ್ಲಿ ಹಿಡಿದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ನಲ್ಲಿ ಬಿಟ್ಟರೆ ಮುಗಿಯಿತು. ಹಾಡು ಚೆನ್ನಾಗಿಯೇ ಬರುತ್ತದೆ. ಐವತ್ತು ರೂಪಾಯಿಯ ರೆಕಾರ್ಡಿಗೆ ಐವತ್ತು ಸಾವಿರದ ಯಂತ್ರ ತರುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಕೋಥ್ರೂಡ್ ಕೇಳುಗ

ಮಣ್ಣು ಹೋಗುತ್ತದೆ, ಒಪ್ಪುತ್ತೇನೆ. ಆದರೆ ಪಾತ್ರೆ ಲಿಕ್ವಿಡ್‌ನಲ್ಲಿ ಸುವಾಸನೆ, ಬಣ್ಣ, ಉಪ್ಪು ಎಲ್ಲ ಇರುತ್ತದೆ. ಚೆನ್ನಾಗಿ ಜಾಲಾಡದಿದ್ದರೆ ಅವು ಗ್ರೂವ್‌ನಲ್ಲೇ ಒಣಗುತ್ತವೆ. ಮೇಲಿಂದ ಪುಣೆಯ ಟ್ಯಾಂಕರ್ ನೀರು, ಬೋರ್‌ವೆಲ್ ನೀರು. ಸ್ಟೀಲ್ ಲೋಟದ ಮೇಲೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತಲ್ಲ, ಅದೇ ಕಲೆ ಗ್ರೂವ್ ಒಳಗೂ ಕೂರುತ್ತದೆ.

ಎಲ್‌ಪಿ ಗ್ರೂವ್‌ನ ಅಗಲ ಸುಮಾರು 50 ಮೈಕ್ರಾನ್. ಒಂದು ಮಗ್ಗುಲಿನ ಗ್ರೂವ್ ಬಿಚ್ಚಿ ಎಳೆದರೆ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಉದ್ದ. ಅಷ್ಟು ಕಿರಿದಾದ ಜಾಗದಲ್ಲಿ ಕೊಳೆಯನ್ನು ಸಡಿಲ ಮಾಡುವುದು ಕಷ್ಟವಲ್ಲ. ಸಡಿಲವಾದ ಕೊಳೆ ಸೇರಿದ ನೀರನ್ನು ಪೂರ್ತಿ ಹೊರಗೆ ತರುವುದೇ ಕಷ್ಟ. ಯಾವ ವಿಧಾನ ಬೇಕಾದರೂ ಆರಿಸಿಕೊಳ್ಳಿ, ಆದರೆ ಆ ಗಲೀಜು ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ಆರಿಸಿಕೊಳ್ಳಿ. ಬಟ್ಟೆಗೆ ಹೋಗುತ್ತದಾ, ಪಂಪಿಗೆ ಹೋಗುತ್ತದಾ, ತೊಟ್ಟಿಯಲ್ಲೇ ಉಳಿಯುತ್ತದಾ, ಇಲ್ಲ ರೆಕಾರ್ಡ್ ಮೇಲೇ ಒಣಗುತ್ತದಾ?

ವಾಸ್ಕೋ ಕಾರವಾರ

ನಾನು ಅಲ್ಟ್ರಾಸಾನಿಕ್ ಪಕ್ಷ. ಗೋವಾದಲ್ಲಿ ಕಡಲ ಗಾಳಿ, ತೇವ, ವರ್ಷಪೂರ್ತಿ ಬೂಷ್ಟಿನ ಕಾಟ. ಬ್ರಷ್ ಎಷ್ಟು ಸಣ್ಣದಿದ್ದರೂ ಅದರ ಕೂದಲು ಗ್ರೂವ್‌ನ ತಳಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಅಲ್ಟ್ರಾಸಾನಿಕ್‌ನಲ್ಲಿ ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಒಡೆತದ ರಭಸಕ್ಕೆ ಕೊಳೆ ಗೋಡೆ ಬಿಟ್ಟು ಬರುತ್ತದೆ. ಹಮಿಂಗ್‌ಗುರು ಅನ್ನುವ ಯಂತ್ರ 40 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಎಸ್ಟೋನಿಯಾದ ಡಿಗ್ರಿಟರ್ 120ರಲ್ಲಿ. ಆವರ್ತನ ಜಾಸ್ತಿ ಆದಷ್ಟೂ ಗುಳ್ಳೆ ಸಣ್ಣದು, ಹೊಡೆತ ಮೃದು, ಸಣ್ಣ ಕೊಳೆಗೆ ಒಳ್ಳೆಯದು.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದು, ಬಿಸಿ. ಈ ಯಂತ್ರ ಓಡುತ್ತಾ ಓಡುತ್ತಾ ನೀರು ತಾನೇ ಬಿಸಿಯಾಗುತ್ತದೆ. ವಿನೈಲ್ ಬಿಸಿಗೆ ಬೇಗ ಸೊಟ್ಟಗಾಗುತ್ತದೆ. 35 ಡಿಗ್ರಿ ಸೆಲ್ಸಿಯಸ್ ದಾಟಿತು ಅಂದರೆ ನಾನು ನಿಲ್ಲಿಸಿ ತಣಿಯಲು ಬಿಡುತ್ತೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಕೋಣೆಯ ನೀರೇ 30ರ ಹತ್ತಿರ ಇರುತ್ತದೆ, ಹಾಗಾಗಿ ಥರ್ಮಾಮೀಟರ್ ಪಕ್ಕದಲ್ಲೇ ಇರಲಿ. ಎರಡು, ಆಲ್ಕೋಹಾಲ್. ತೊಟ್ಟಿಗೆ ಸುರಿಯಲೇಬೇಡಿ. ಬೆಚ್ಚಗಿನ ತೊಟ್ಟಿಯಿಂದ ಆವಿ ಏಳುತ್ತದೆ, ಅಡಿಯಲ್ಲಿ ವಿದ್ಯುತ್ ಇರುತ್ತದೆ. ಬೆಂಕಿಗೆ ಅಷ್ಟು ಸಾಕು.

ಕೋಥ್ರೂಡ್ ಕೇಳುಗ

ನಿಮ್ಮ ಮಾತು ಸರಿ. ಆದರೆ ತೊಟ್ಟಿಯ ಅದೇ ನೀರಿನಲ್ಲಿ ಹತ್ತನೇ ರೆಕಾರ್ಡ್ ಅದ್ದುವಾಗ ಮೊದಲ ಒಂಬತ್ತರ ಕೊಳೆಯೂ ಅಲ್ಲೇ ಇರುತ್ತದೆ. ಕೆಲವು ಯಂತ್ರಗಳಲ್ಲಿ ಫಿಲ್ಟರ್ ಇದೆ, ಕೆಲವಲ್ಲಿ ಇಲ್ಲ. ಆಮೇಲೆ ಫ್ಯಾನ್ ಗಾಳಿಯಲ್ಲಿ ಒಣಗಿಸಿದರೆ ನೀರು ಆರುತ್ತದೆ, ನೀರಿನಲ್ಲಿದ್ದದ್ದು ಆರುವುದಿಲ್ಲ. ಅದು ಗ್ರೂವ್‌ನಲ್ಲೇ ಕೂರುತ್ತದೆ.

ಇದಕ್ಕೇ ನಾನು ವ್ಯಾಕ್ಯೂಮ್ ಕಡೆ ವಾಲುತ್ತೇನೆ. ಇಂಗ್ಲೆಂಡಿನ ಕೀತ್ ಮಾಂಕ್ಸ್ ಯಂತ್ರ ಬಿಬಿಸಿಯ ರೆಕಾರ್ಡ್ ಲೈಬ್ರರಿಗೆ ಹೋದದ್ದು 1969ರ ಸುಮಾರಿಗೆ. ಅಲ್ಲಿಂದ ಇಲ್ಲಿಯವರೆಗೆ ತತ್ವ ಬದಲಾಗಿಲ್ಲ. ದ್ರವ ಹಾಕು, ಉಜ್ಜು, ಒಣಗುವ ಮೊದಲೇ ಹೀರಿ ತೆಗೆ. ಓಕಿ ನೋಕಿ, ಪ್ರೊ-ಜೆಕ್ಟ್, ವಿಪಿಐ ಎಲ್ಲವೂ ಮಾಡುವುದು ಇಷ್ಟೇ. ಒಂದು ಮಗ್ಗುಲು ಹೀರಲು ಒಂದೆರಡು ಸುತ್ತು ಸಾಕು. ಒಣಗಿದ ಮೇಲೂ ತಿರುಗಿಸುತ್ತಲೇ ಇದ್ದರೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ, ಕೋಣೆಯ ಧೂಳೆಲ್ಲ ಎಳೆದುಕೊಳ್ಳುತ್ತದೆ. ಶಬ್ದ ಮಾತ್ರ ಮನೆಯವರಿಗೆಲ್ಲ ಕೇಳುವಷ್ಟು, ರಾತ್ರಿ ಹೊತ್ತು ಓಡಿಸುವಂಥದ್ದಲ್ಲ.

ಡೊಂಬಿವಲಿ ಧಾರವಾಡ

ಬೂಷ್ಟಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಪ್ರಶ್ನೆ ಕೇಳಿದವರಿಗೆ ಮುಖ್ಯ ತೊಂದರೆ ಅದೇ.

ಮೊದಲು ಮಾಸ್ಕ್ ಹಾಕಿಕೊಳ್ಳಿ. ಬೂಷ್ಟು ಹಿಡಿದ ಕವರ್ ತೆಗೆದು ಫೂ ಅಂತ ಊದುವುದು, ಒಣ ಬ್ರಷ್ ಆಡಿಸುವುದು ಬೇಡ. ಬೀಜಕಣಗಳು ಮೂಗಿಗೂ ಹೋಗುತ್ತವೆ, ಪಕ್ಕದ ಒಳ್ಳೆಯ ರೆಕಾರ್ಡಿಗೂ ಹೋಗುತ್ತವೆ. ಬಾಲ್ಕನಿಯಲ್ಲೋ ಕಿಟಕಿ ತೆರೆದ ಕೋಣೆಯಲ್ಲೋ ಮಾಡಿ, ಫ್ಯಾನ್ ಆರಿಸಿ.

ಬೂಷ್ಟಿಗೆ ವಿನೈಲ್‌ಗಿಂತ ಕಾಗದ ಇಷ್ಟ. ಬೆರಳಿನ ಜಿಡ್ಡು ಇಷ್ಟ. ಹಾಗಾಗಿ ರೆಕಾರ್ಡನ್ನು ಎಷ್ಟು ಚೆನ್ನಾಗಿ ತೊಳೆದರೂ ಹಳೇ ಒಳಕವರಿಗೇ ವಾಪಸ್ ಹಾಕಿದರೆ ಮುಂದಿನ ಜುಲೈ ಹೊತ್ತಿಗೆ ಚುಕ್ಕೆ ಮತ್ತೆ ಹಾಜರ್. ತೊಳೆದ ಪ್ರತಿಯೊಂದಕ್ಕೂ ಹೊಸ ಒಳಕವರ್ ಬೇಕೇ ಬೇಕು. ಒಳಗೆ ಪಾಲಿಥೀನ್ ಪದರ ಇರುವಂಥದ್ದು ತರಿಸಿ. ಬರೀ ಒರಟು ಕಾಗದ ಬೇಡ, ಅದರ ಪುಡಿ ಉದುರುತ್ತದೆ. ಹಳೇ ಒಳಕವರಿನ ಮೇಲೆ ಏನಾದರೂ ಅಚ್ಚಾಗಿದ್ದರೆ ಅಥವಾ ಅಪ್ಪನ ಕೈಬರಹ ಇದ್ದರೆ ಅದನ್ನು ಒಣಗಿಸಿ, ಹೊರಕವರಿನೊಳಗೆ ಬೇರೆ ಇಡಿ. ಪಿವಿಸಿಯ ದಪ್ಪ ಪ್ಲಾಸ್ಟಿಕ್ ಕವರ್‌ಗಳು ಇದ್ದರೆ ತೆಗೆದು ಹಾಕಿ. ವರ್ಷಗಳು ಕಳೆದಂತೆ ಅವು ರೆಕಾರ್ಡ್ ಮೇಲೆ ಮಂಜಿನಂಥ ಕಲೆ ಬಿಡುತ್ತವೆ, ಅದು ಯಾವ ದ್ರವಕ್ಕೂ ಹೋಗುವುದಿಲ್ಲ.

ಇಡುವ ಜಾಗವೂ ನೋಡಿ. ಮುಂಬಯಿಯಲ್ಲಿ ಜುಲೈನಲ್ಲಿ ಗಾಳಿಯ ತೇವ 80 ಪ್ರತಿಶತ ದಾಟುವುದು ಸಾಮಾನ್ಯ. ಮಳೆ ಬಡಿಯುವ ಹೊರಗೋಡೆಗೆ ಕಪಾಟು ತಾಗಿಸಬೇಡಿ. ಕಬ್ಬಿಣದ ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟರೂ ತೇವ ಹೀರಿ ಬಣ್ಣ ತಿರುಗಿದ ಮೇಲೆ ಅದನ್ನು ಬಿಸಿ ಮಾಡಿ ಒಣಗಿಸಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ರೆಕಾರ್ಡುಗಳು ನೇರವಾಗಿ ನಿಂತಿರಲಿ. ಟ್ರಂಕಿನಲ್ಲಿ ಮಲಗಿಸಿ ಒಂದರ ಮೇಲೊಂದು ಹೇರಬೇಡಿ.

ಮಾಟುಂಗಾ ಮಲೆನಾಡಿಗ

ಎಲ್ಲರಿಗೂ ಧನ್ಯವಾದ. ಗುಂಪು ಮಾಡಿದೆ. ಅಲ್ಯೂಮಿನಿಯಂ ಅಂಚಿನದ್ದು ಯಾವುದೂ ಇಲ್ಲ. ಈಗ ಎರಡು ಸಂಶಯ. ನೀರು ಯಾವುದು ಬಳಸಬೇಕು? ಮನೆಯ ಆರ್‌ಒ ನೀರು ನಡೆಯುತ್ತದಾ? ಮತ್ತೆ ಆ ಫೆವಿಕಾಲ್ ವಿಷಯ. ವಿಡಿಯೋದಲ್ಲಿ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ.

ಡೊಂಬಿವಲಿ ಧಾರವಾಡ

ಆರ್‌ಒ ನೀರು ಡಿಸ್ಟಿಲ್ಡ್ ಅಲ್ಲ. ಅದರಲ್ಲೂ ಲವಣ ಉಳಿದಿರುತ್ತದೆ. ರುಚಿಗೆ ಅಂತ ಖನಿಜ ವಾಪಸ್ ಸೇರಿಸುವ ಯಂತ್ರಗಳೂ ಇವೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಮಿನರಲೈಸ್ಡ್ ನೀರು ಐದು ಲೀಟರ್ ಕ್ಯಾನ್‌ನಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಲೇಬಲ್ ಓದಿ ತನ್ನಿ. ಬ್ಯಾಟರಿ ಆಸಿಡ್‌ನ ಡಬ್ಬಿಗಳೂ ಅದೇ ಶೆಲ್ಫ್‌ನಲ್ಲಿ ಇರುತ್ತವೆ. ಪಕ್ಕಾ ಬೇಕು ಅಂದರೆ ಪ್ರಿನ್ಸೆಸ್ ಸ್ಟ್ರೀಟ್‌ನ ಕೆಮಿಕಲ್ ಅಂಗಡಿಗಳಲ್ಲಿ ಲ್ಯಾಬ್ ದರ್ಜೆಯ ಡಿಸ್ಟಿಲ್ಡ್ ವಾಟರ್ ಕೇಳಿ. ಒಂದು ಹನಿಯನ್ನು ಕನ್ನಡಿ ಮೇಲೆ ಬಿಟ್ಟು ಒಣಗಿಸಿ ನೋಡಿ. ಉಂಗುರದ ಕಲೆ ಉಳಿದರೆ ಆ ನೀರು ಬೇಡ.

ವಾಸ್ಕೋ ಕಾರವಾರ

ಫೆವಿಕಾಲ್ ವಿಷಯ ನಾನು ಹೇಳುತ್ತೇನೆ. ಅದು ಪಿವಿಎ ಅಂಟು. ಹೊರದೇಶದಲ್ಲಿ ಮರಗೆಲಸದ ಅಂಟು ಬಳಸಿ ಮಾಡುವುದೂ ಇದೇ. ನುಣುಪು ವಿನೈಲ್‌ಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಪದರವಾಗಿ ಎದ್ದು ಬರುತ್ತದೆ, ಜೊತೆಗೆ ಕೊಳೆಯನ್ನೂ ತರುತ್ತದೆ. ಇಷ್ಟರ ಮಟ್ಟಿಗೆ ವಿಡಿಯೋ ಸುಳ್ಳಲ್ಲ.

ಆದರೆ ಪದರ ತೆಳ್ಳಗಾದ ಕಡೆ ಹರಿಯುತ್ತದೆ, ಚೂರು ಗ್ರೂವ್‌ನಲ್ಲಿ ಉಳಿಯುತ್ತದೆ. ನೀರು ನಿರೋಧಕ ಮರೀನ್ ಥರದ್ದು ಹಾಕಿದ್ದರೆ ಆ ಚೂರನ್ನು ನೀರಿನಲ್ಲಿ ನೆನೆಸಿಯೂ ತೆಗೆಯಲು ಆಗುವುದಿಲ್ಲ. ಲೇಬಲ್‌ಗೆ ತಾಗಿದರೆ ಕಾಗದ ಕಿತ್ತು ಬರುತ್ತದೆ. 78ಕ್ಕಂತೂ ಯೋಚನೆಯನ್ನೇ ಮಾಡಬೇಡಿ. ಮೇಲಾಗಿ ಈ ಹವೆಯಲ್ಲಿ ಅಷ್ಟು ದಪ್ಪ ಅಂಟು ಒಣಗುವುದು ಯಾವಾಗ? ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ.

ಜುನಾ ಬಜಾರ್ ಬುಧವಾರ

ಇನ್ನೊಂದು ಸೇರಿಸುತ್ತೇನೆ, ಇದು ಕೊಳ್ಳುವವರಿಗೆ. ಬಜಾರಿನಲ್ಲಿ ತುಂಬಾ ಮಿರಿಮಿರಿ ಮಿಂಚುವ ರೆಕಾರ್ಡ್ ಕಂಡರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಂಚಿಗೆ ಬೆರಳು ಮುಟ್ಟಿಸಿ ಮೂಸಿ. ಎಣ್ಣೆ ಒರೆಸಿ ಕೂರಿಸುವವರಿದ್ದಾರೆ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಸ್ಟೈಲಸ್‌ನ (ರೆಕಾರ್ಡ್ ನುಡಿಸುವ ಮುಳ್ಳಿನ) ತುದಿಗೆ ಮುದ್ದೆ ಕಟ್ಟುತ್ತದೆ. ಅಂಥದ್ದಕ್ಕೆ ನನ್ನ ಸಿಂಕಿನ ವಿಧಾನ ಸಾಲುವುದಿಲ್ಲ. ಅಲ್ಲಿ ಐಸೊಪ್ರೊಪೈಲ್ ಬೇಕಾಗುತ್ತದೆ.

ಕೋಥ್ರೂಡ್ ಕೇಳುಗ

ಹೌದು, ಜಿಡ್ಡಿಗೆ ಮತ್ತು ಬೂಷ್ಟಿಗೆ ಅದು ಬೇಕು. ವಿನೈಲ್‌ಗೆ ಮಾತ್ರ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 99 ಪ್ರತಿಶತದ ಐಸೊಪ್ರೊಪೈಲ್ ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಗಾಜು ಒರೆಸುವ ಸ್ಪ್ರೇ ಬೇಡ.

ನನ್ನ ಮಿಶ್ರಣ ಹೀಗಿದೆ. ಒಂದು ಲೀಟರಿನಲ್ಲಿ ಐಸೊಪ್ರೊಪೈಲ್ ಹೆಚ್ಚೆಂದರೆ 150 ಮಿಲಿ, ಉಳಿದದ್ದು ಡಿಸ್ಟಿಲ್ಡ್ ನೀರು. ಬರೀ ನೀರು ರೆಕಾರ್ಡ್ ಮೇಲೆ ಮಣಿ ಮಣಿಯಾಗಿ ನಿಲ್ಲುತ್ತದೆ, ಗ್ರೂವ್‌ಗೆ ಇಳಿಯುವುದಿಲ್ಲ. ಇಳಿಸಲು ವೆಟಿಂಗ್ ಏಜೆಂಟ್ ಬೇಕು. ಫೋಟೋ ಫಿಲಂ ತೊಳೆಯುವವರು ಬಳಸುವ ಕೊಡಾಕ್ ಫೋಟೋ-ಫ್ಲೋ ಅಥವಾ ಇಲ್ಫೋರ್ಡ್ ಇಲ್ಫೊಟಾಲ್ ಆಗುತ್ತದೆ. ಫೋಟೋ-ಫ್ಲೋ ಫಿಲಂಗೆ 200 ಪಾಲು ನೀರಿಗೆ ಒಂದು ಪಾಲು ಹಾಕುತ್ತಾರೆ. ನಾನು ಅದಕ್ಕಿಂತ ಕಡಿಮೆ ಹಾಕುತ್ತೇನೆ, ಯಾಕೆಂದರೆ ಹಾಕಿದ್ದನ್ನೆಲ್ಲ ಆಮೇಲೆ ಜಾಲಾಡಿ ತೆಗೆಯಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ದ್ರಾವಣದಲ್ಲಿ ಆಲ್ಕೋಹಾಲೇ ಇಲ್ಲ. ಅಯಾನು ತೆಗೆದ ನೀರು, ಅದಕ್ಕೆ ಒಂಚೂರು ಟರ್ಜಿಟಾಲ್ ಅನ್ನುವ ವೆಟಿಂಗ್ ಏಜೆಂಟ್, ಅಷ್ಟೇ. ಸಾಮಾನ್ಯ ಧೂಳಿನ ಎಲ್‌ಪಿಗೆ ನನ್ನ ಪ್ರಕಾರವೂ ಆಲ್ಕೋಹಾಲ್ ಬೇಕಿಲ್ಲ.

ಕೈಯಲ್ಲೇ ಮಾಡುವುದಾದರೆ ಹೀಗೆ ಮಾಡಿ. ಟರ್ನ್‌ಟೇಬಲ್ ಮೇಲೆ ಬೇಡ, ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಅದರ ಮೇಲೆ ಇಡಿ. ಮೊದಲು ಕಾರ್ಬನ್ ಫೈಬರ್ ಬ್ರಷ್‌ನಿಂದ ಒಣ ಧೂಳು ತೆಗೆಯಿರಿ (ಬೂಷ್ಟು ಇದ್ದರೆ ಈ ಹಂತ ಬಿಡಿ). ಲೇಬಲ್ ಒದ್ದೆಯಾಗದ ಹಾಗೆ ದ್ರವ ಹಾಕಿ, ಒಂದು ನಿಮಿಷ ನೆನೆಯಲಿ. ಮೆತ್ತನೆಯ ಬ್ರಷ್ ಅನ್ನು ಗ್ರೂವ್‌ನ ಜಾಡಿನಲ್ಲೇ, ಸುತ್ತಲೂ ಆಡಿಸಿ. ಅಡ್ಡ ಉಜ್ಜಿದರೆ ಮರಳಿನ ಕಣ ಗ್ರೂವ್ ಗೋಡೆಯನ್ನು ಗೀರುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರು ಹಾಕಿ, ಇನ್ನೊಂದು ಶುದ್ಧ ಬಟ್ಟೆಯಲ್ಲಿ ಮತ್ತೆ ಹೀರಿಸಿ. ಈ ಎರಡನೇ ಸಲದ ಜಾಲಾಟವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹಣ ಉಳಿಸಬೇಕಾದರೆ ಯಂತ್ರದಲ್ಲಿ ಉಳಿಸಿ, ಇದರಲ್ಲಿ ಬೇಡ.

ಸ್ಪಿನ್-ಕ್ಲೀನ್ ಥರದ, ರೆಕಾರ್ಡ್ ನಿಲ್ಲಿಸಿ ಕೈಯಲ್ಲಿ ತಿರುಗಿಸುವ ತೊಟ್ಟಿಯೂ ಚೆನ್ನಾಗಿದೆ. ಎರಡೂ ಮಗ್ಗುಲು ಒಟ್ಟಿಗೆ ಆಗುತ್ತದೆ, ವಿದ್ಯುತ್ ಬೇಡ. ಆದರೆ ನೀರು ಕಪ್ಪಾಗುವವರೆಗೆ ಕಾಯದೆ ಬದಲಾಯಿಸಿ, ಆಮೇಲೆ ಬೇರೆ ನೀರಿನಲ್ಲಿ ಜಾಲಾಡಿ.

ಮಾಟುಂಗಾ ಮಲೆನಾಡಿಗ

ಮಾಡಿ ನೋಡಿದೆ. ಮೊದಲಿಗೆ ಎಲ್ಲೆಲ್ಲೂ ಸಿಗುವ ಒಂದು ಸಿನಿಮಾ ಎಲ್‌ಪಿ ಆರಿಸಿಕೊಂಡೆ. ಆಮೇಲೆ ಧೈರ್ಯ ಮಾಡಿ ಭೀಮಸೇನ ಜೋಶಿಯವರದ್ದು. ಬಟ್ಟೆಯ ಮೇಲೆ ಬಂದ ಕಂದು ಗೆರೆಗಳನ್ನು ನೋಡಿದರೆ ಇಷ್ಟು ದಿನ ಸ್ಟೈಲಸ್ ಇದರ ಮೇಲೆಯೇ ಓಡುತ್ತಿತ್ತಾ ಅನ್ನಿಸಿತು. ಆಲಾಪದ ನಡುವೆ ಚಟಪಟ ಶಬ್ದ ಮುಕ್ಕಾಲು ಪಾಲು ಹೋಗಿದೆ. ಹಿಂದೆ ತಂಬೂರಿ ಎದ್ದು ಕೇಳುತ್ತದೆ. ಆದರೆ ಒಂದು ಜಾಗದಲ್ಲಿ ಪ್ರತಿ ಸುತ್ತಿಗೂ ಟಿಕ್ ಟಿಕ್ ಹಾಗೇ ಇದೆ. ಇನ್ನೊಂದು ಸಲ ತೊಳೆಯಬೇಕಾ? ಬಿಳಿ ಚುಕ್ಕೆಯ ಎರಡು ಎಲ್‌ಪಿಗಳಲ್ಲಿ ಒಂದು ಪೂರ್ತಿ ಶುದ್ಧವಾಯಿತು. ಇನ್ನೊಂದರಲ್ಲಿ ಚುಕ್ಕೆ ಹೋಯಿತು, ಸರಸರ ಶಬ್ದ ಉಳಿಯಿತು.

ಕೋಥ್ರೂಡ್ ಕೇಳುಗ

ಸುತ್ತು ಸುತ್ತಿಗೂ ಒಂದೇ ಜಾಗದಲ್ಲಿ ಬರುವ ಟಿಕ್ ಗೀರಿನದ್ದು. ತೊಳೆದರೆ ಹೋಗುವುದಿಲ್ಲ. ದೀಪಕ್ಕೆ ಓರೆಯಾಗಿ ಹಿಡಿದರೆ ಆ ಗೀರು ಗ್ರೂವ್‌ಗೆ ಅಡ್ಡ ಹೋಗಿರುವುದು ಕಾಣುತ್ತದೆ. ಹೋಗದ ಸರಸರಕ್ಕೆ ಎರಡು ಕಾರಣ ಇರಬಹುದು. ಹಿಂದೆ ಸವೆದ ಸ್ಟೈಲಸ್‌ನಿಂದ ನುಡಿಸಿ ಗ್ರೂವ್ ಗೋಡೆಯೇ ಸವೆದಿರಬಹುದು, ಆಗ ಜೋರು ಸ್ವರ ಬಂದಾಗ ಕರಕರ ಅನ್ನುತ್ತದೆ. ಇಲ್ಲ ಬೂಷ್ಟಿನ ಬೇರು ಇನ್ನೂ ಒಳಗಿರಬಹುದು, ಆಗ ಶಬ್ದ ಎಲ್ಲ ಕಡೆ ಒಂದೇ ಥರ ಇರುತ್ತದೆ. ಎರಡನೆಯದಾದರೆ ಇನ್ನೊಂದು ಸಲ ತೊಳೆಯುವುದರಲ್ಲಿ ಅರ್ಥ ಇದೆ. ಕೈಯ ವಿಧಾನದ ಮಿತಿ ಇಲ್ಲೇ ಬರುತ್ತದೆ. ಅಂಥ ರೆಕಾರ್ಡುಗಳನ್ನು ವ್ಯಾಕ್ಯೂಮ್‌ಗೆ ಇಲ್ಲವೇ ಅಲ್ಟ್ರಾಸಾನಿಕ್‌ಗೆ ಎತ್ತಿಡಿ.

ಪ್ರತಿ ಸಲ ಕೇಳುವ ಮೊದಲು ಸ್ಟೈಲಸ್ ಕೂಡ ನೋಡಿ. ಅದರ ಬ್ರಷ್ ಅನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಬೇಕು.

ವಾಸ್ಕೋ ಕಾರವಾರ

ಈಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಅಲ್ಟ್ರಾಸಾನಿಕ್ ಆದ ಮೇಲೆ ಗಾಳಿಗೆ ಒಣಗಿಸುವ ಬದಲು ಡಿಸ್ಟಿಲ್ಡ್ ನೀರು ಹಾಕಿ ಬಟ್ಟೆಯಲ್ಲಿ ಹೀರಿಸಿ ನೋಡಿದೆ. ಹಿನ್ನೆಲೆ ಇನ್ನೂ ನಿಶ್ಶಬ್ದ ಆಯಿತು. ತೊಟ್ಟಿಯ ನೀರನ್ನೂ ಈಗ ಬೇಗ ಬೇಗ ಬದಲಾಯಿಸುತ್ತಿದ್ದೇನೆ. ಬರೀ ಒಂದು ಟ್ರಂಕಿನ ರೆಕಾರ್ಡಿಗೆ ಅಂತ ಯಾರೂ ಈ ಯಂತ್ರ ಕೊಳ್ಳಬೇಡಿ. ನಾಲ್ಕೈದು ಜನ ಸೇರಿ ಒಂದು ತರುವುದಾದರೆ ತನ್ನಿ.

ಮಾಟುಂಗಾ ಮಲೆನಾಡಿಗ

78ರ ತಟ್ಟೆಗಳು ಇನ್ನೂ ಹಾಗೇ ಇವೆ. ಗಂಗೂಬಾಯಿಯವರದ್ದನ್ನು ಮುಟ್ಟಲು ಕೈ ನಡುಗುತ್ತದೆ.

ಕೋಥ್ರೂಡ್ ಕೇಳುಗ

78ರ ಗ್ರೂವ್ ಎಲ್‌ಪಿಗಿಂತ ಎರಡು ಮೂರು ಪಟ್ಟು ಅಗಲ, ಹಾಗಾಗಿ ಮೆತ್ತನೆ ಬ್ರಷ್ ಒಳಗೆ ಚೆನ್ನಾಗಿ ಇಳಿಯುತ್ತದೆ. ಮೊದಲು ಅಂಚಿನಲ್ಲಿ ಬಿರುಕಿದೆಯಾ ನೋಡಿ. ಬಿರುಕಿದ್ದರೆ ಒದ್ದೆ ಮಾಡಬೇಡಿ. ಇಲ್ಲದಿದ್ದರೆ ಡಿಸ್ಟಿಲ್ಡ್ ನೀರು, ಅದಕ್ಕೆ ಎರಡು ಹನಿ ವೆಟಿಂಗ್ ಏಜೆಂಟ್. ನೆನೆಸಿಡುವುದು ಬೇಡವೇ ಬೇಡ, ಅದರೊಳಗಿನ ಪುಡಿಗಳು ನೀರು ಕುಡಿಯುತ್ತವೆ. ಬೇಗ ಉಜ್ಜಿ, ಬೇಗ ಜಾಲಾಡಿ, ಕೂಡಲೇ ಒತ್ತಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಕೇಳುವಾಗ 78ಕ್ಕೆ ಬೇರೆ, ದಪ್ಪ ತುದಿಯ ಸ್ಟೈಲಸ್ ಬೇಕು ಅನ್ನುವುದು ನೆನಪಿರಲಿ. ಎಲ್‌ಪಿ ಸ್ಟೈಲಸ್ ಆ ಗ್ರೂವ್‌ನ ತಳಕ್ಕೆ ಹೋಗಿ ಬರೀ ಕೆರೆತ ಕೇಳಿಸುತ್ತದೆ, ಆಗ ತೊಳೆದದ್ದು ಸರಿಯಾಗಿಲ್ಲ ಅಂತ ಸುಮ್ನೆ ಅನುಮಾನ ಬರುತ್ತದೆ.

ಮುಂದಿನ ತಿಂಗಳು ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಕಾರ್ಯಕ್ರಮಕ್ಕೆ ಬರುವವನಿದ್ದೇನೆ. ವ್ಯಾಕ್ಯೂಮ್ ಯಂತ್ರ ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಆ ಸರಸರ ಅನ್ನುವ ಎಲ್‌ಪಿ ಎತ್ತಿಟ್ಟಿರಿ. ಹತ್ತು ಲೀಟರ್ ಡಿಸ್ಟಿಲ್ಡ್ ನೀರು ನೀವು ತಂದಿಡಿ.

ಡೊಂಬಿವಲಿ ಧಾರವಾಡ

ನಾನೂ ಬರುತ್ತೇನೆ. ಪಾಲಿಥೀನ್ ಪದರದ ಒಳಕವರ್‌ಗಳನ್ನು ಒಟ್ಟಿಗೆ ತರಿಸುತ್ತಿದ್ದೇನೆ. 12 ಇಂಚಿನವು ಎಷ್ಟು, 7 ಇಂಚಿನವು ಎಷ್ಟು ಬೇಕು ಅಂತ ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. 78ಕ್ಕೆ 10 ಇಂಚಿನ ಕಾಗದದ ಕವರ್ ಬೇರೆ ಇದೆ, ಅದನ್ನೂ ಹೇಳಿ.